ಬೇರೆ ಕೋವಿಯ ಬೋಲ್ಟು

ಕೊಪ್ಪದ ಬಸ್‌ಸ್ಟ್ಯಾಂಡ್ ಹಿಂದೆ ಕೋವಿ ರಿಪೇರಿ ಮಾಡುತ್ತಿದ್ದ ಮಂಜಯ್ಯಾಚಾರ್ರು ಯಾವ ಕೋವಿಯನ್ನಾದರೂ ಮೊದಲು ಕಣ್ಣು ಮುಚ್ಚಿಕೊಂಡೇ ನೋಡುತ್ತಿದ್ದರು. ನಳಿಗೆ ಖಾಲಿಯೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡು, ಆಮೇಲೆ ರೆಪ್ಪೆ ಮುಚ್ಚಿ ಹೆಬ್ಬೆರಳನ್ನು ಕಬ್ಬಿಣದ ಮೇಲೆ ಆಡಿಸುವರು. "ಕಣ್ಣಿಗೆ ಪಾಲಿಶ್ ಕಾಣ್ತದೆ ಅಮ್ಮ, ಸವೆದದ್ದು ಬೆರಳಿಗೇ ಗೊತ್ತಾಗೂದು" ಎನ್ನುವರು.

ಬಾಯಲ್ಲಿ ಸದಾ ಎಲೆಯಡಿಕೆ. ಮಾತಾಡಬೇಕಾದರೆ ಎದ್ದು ಹೊರಗೆ ಹೋಗಿ ಉಗುಳಿ ಬರಬೇಕು. ಹಾಗಾಗಿ ಉತ್ತರಕ್ಕೆ ಯೋಗ್ಯವಲ್ಲದ ಪ್ರಶ್ನೆಗೆ ಅವರು ಏಳುತ್ತಲೇ ಇರಲಿಲ್ಲ. ತಮ್ಮೂರು ಹಿರೇಕೊಡಿಗೆಯಿಂದ ಮೊದಲ ಬಸ್ಸಿಗೆ ಬಂದು, ಹಾಗೇ ಜಗಿಯುತ್ತ ಅರ್ಧ ದಿನ ಕಳೆದದ್ದೂ ಉಂಟು.

ನಾನು ಅವರ ಬಳಿ ಹೋದದ್ದು ತಪ್ಪು ಮಾಡಿ. ನಮ್ಮಜ್ಜ ಸಂಸ್ಥಾನದ ಸೈನ್ಯದಲ್ಲಿದ್ದಾಗಿನ ರೈಫಲ್ ನನ್ನ ಮನೆಯಲ್ಲಿತ್ತು. ಎಲೆಕ್ಷನ್ ಬಂದರೆ ಎಲ್ಲರೂ ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಬೇಕು. ಹಾಗೆ ಒಪ್ಪಿಸುವಾಗ ಅಪ್ಪ ಅದರ ಬೋಲ್ಟನ್ನು, ಅಂದರೆ ಹಿಂದಿನಿಂದ ಗುಂಡಿನ ದಾರಿ ಮುಚ್ಚುವ ಉಕ್ಕಿನ ತುಂಡನ್ನು, ಬಿಚ್ಚಿ ಮನೆಯಲ್ಲೇ ಅಡಗಿಸುತ್ತಿದ್ದರು. ಯಾರೂ ಅದನ್ನು ಹಾರಿಸದಿರಲಿ ಎಂದು. ಅಪ್ಪನ ನಂತರ, ಎರಡು ಸಾವಿರದ ನಾಲ್ಕರ ಎಲೆಕ್ಷನ್ನಿನಲ್ಲಿ ನಾನೂ ಬಿಚ್ಚಿದೆ, ಬಟ್ಟೆಯಲ್ಲಿ ಸುತ್ತಿ ಕಾಳುಮೆಣಸಿನ ಚೀಲದೊಳಗೆ ಹುಗಿದೆ. ಆ ಚೀಲವನ್ನು ನಾನೇ ವ್ಯಾಪಾರಿಗೆ ಕೊಟ್ಟುಬಿಟ್ಟೆ. ನೆನಪಾಗುವ ಹೊತ್ತಿಗೆ ಮೆಣಸು ಲಾರಿ ಹತ್ತಿ ಘಟ್ಟ ಇಳಿದಾಗಿತ್ತು.

ಆರ್ಮಿಯಿಂದ ರಿಟೈರಾದ ಅಣ್ಣ ಆ ರೈಫಲನ್ನು ತನ್ನ ರೆಜಿಮೆಂಟಿನ ಮ್ಯೂಸಿಯಮ್ಮಿಗೆ ಕೊಡಲು ಪರ್ಮಿಷನ್ ಎಲ್ಲ ಮಾಡಿಸಿದ್ದ. ಆಯುಧಪೂಜೆಗೆ ಬಂದು ಒಯ್ಯುವವನು. ಕಂಪ್ಲೀಟ್ ಇದ್ದರೆ ಮಾತ್ರ ತೆಗೆದುಕೊಳ್ಳುತ್ತೇವೆಂದು ಅವರು ಬರೆದಿದ್ದರು. ಅಜ್ಜನ ಹೆಸರು ಒಂದು ಗೋಡೆಯ ಮೇಲೆ ಉಳಿಯಲಿ ಎಂಬುದು ಅಣ್ಣನ ಒಂದೇ ಆಸೆ. ಅವನಿಗೆ ಹೇಳುವ ಧೈರ್ಯ ನನಗಿರಲಿಲ್ಲ.

"ಹೊಸದೊಂದು ಮಾಡಿಕೊಡಿ, ಪ್ಲೀಸ್" ಎಂದೆ. ಆಚಾರ್ರು ಏಳಲಿಲ್ಲ. ಜಗಿಯುತ್ತಲೇ ಇದ್ದರು. "ಅಣ್ಣನಿಗೆ ಗೊತ್ತಾಗಬಾರದು" ಎಂದಾಗ ಮಾತ್ರ ಎದ್ದು ಉಗುಳಿ ಬಂದರು.

"ಕಾನ್ವೆಂಟಲ್ಲಿ ಇದನ್ನೇ ಕಲಿಸಿದ್ದಾ ನಿಮಗೆ?"

ನಾನು ತಲೆ ತಗ್ಗಿಸಿದೆ. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಮುಂದೆ ನಿಂತ ಹಾಗಾಯಿತು.

"ಅಜ್ಜನ ಜೊತೆ ಸೈನ್ಯದಲ್ಲಿ ಬೇರೆ ಯಾರಿದ್ದರು, ಅದು ಹೇಳಿ. ಇಂಥ ಕೋವಿ ಒಂಟಿಯಾಗಿ ಬರೂದಿಲ್ಲ, ಅವರ ಮನೆಗೂ ಬಂದಿರ್ತದೆ."

ಹಾಗೆ ಶುರುವಾಯಿತು ನಮ್ಮ ತಿರುಗಾಟ. ಶೃಂಗೇರಿಯಲ್ಲಿ ಒಬ್ಬರ ಅಟ್ಟ, ಕಿಗ್ಗದಲ್ಲಿ ಇನ್ನೊಬ್ಬರ ಕಬ್ಬಿಣದ ಪೆಟ್ಟಿಗೆ. ಎಲ್ಲೂ ಇಲ್ಲ. ಬಸ್ಸಿನಲ್ಲಿ ನಾನು ಅತ್ತರೆ ಅವರು ಕಿಟಕಿಯತ್ತ ತಿರುಗಿ ಕೂರುವರು.

ಕೊನೆಗೆ ನರಸಿಂಹರಾಜಪುರದಾಚೆ ಕಡಹಿನಬೈಲು. ಅಲ್ಲಿನ ಸಿದ್ದಪ್ಪನವರ ಅಜ್ಜನೂ ನಮ್ಮಜ್ಜನೂ ಒಂದೇ ಪಡೆಯವರು. "ಕೋವಿ ಆಗಲೇ ಸರ್ಕಾರಕ್ಕೆ ಒಪ್ಸಿ ಆಯ್ತು, ಎಂತದೂ ಇಲ್ಲ ಮಾರಾಯ್ರೆ" ಎಂದು ಸಿದ್ದಪ್ಪನವರು ಕೈಯಾಡಿಸಿದರು. ನಾನು ಹೊರಟೇಬಿಟ್ಟಿದ್ದೆ. ಆಚಾರ್ರು ಮಾತ್ರ ಕೊಟ್ಟಿಗೆಯ ಬಾಗಿಲ ಬಳಿ ನಿಂತು ಕಣ್ಣು ಮುಚ್ಚಿದ್ದರು. ಹೆಬ್ಬೆರಳು ಅಗುಳಿಯ ಮೇಲಿತ್ತು.

ಅಗುಳಿಯಾಗಿದ್ದದ್ದು ಬೋಲ್ಟು.

"ಕೋವಿ ಒಪ್ಸುವಾಗ ಯಾರೋ ಬಿಚ್ಚಿಟ್ಟದ್ದಿರ್ಬೇಕು. ಅದು ತೆಗೆದ್ರೆ ದನ ಗದ್ದೆಗೆ ಬೀಳ್ತಾವೆ" ಎಂದು ಸಿದ್ದಪ್ಪನವರು ನಕ್ಕರು. ಆಚಾರ್ರು ಅವತ್ತು ಅದನ್ನು ಕೇಳಲೇ ಇಲ್ಲ. ವಾರ ಬಿಟ್ಟು ಹೊಸ ಅಗುಳಿ ಬಡಿದು ತಂದು, ತಾವೇ ಕೂರಿಸಿ, ಬಾಗಿಲನ್ನು ಹತ್ತು ಸಲ ಹಾಕಿ ತೆಗೆದು ತೋರಿಸಿ, ಆಮೇಲೆ ಹಳೆಯದಕ್ಕೆ ಕೈ ಒಡ್ಡಿದರು.

ತುಕ್ಕು ಹೋಗುವವರೆಗೆ ಎಣ್ಣೆಯಲ್ಲಿ ನೆನೆಸಿಟ್ಟು ಉಜ್ಜಿದರು. ಬೋಲ್ಟು ಕೂತಿತು. ಆದರೆ ಅದರ ಮೇಲೆ ಕೊರೆದಿದ್ದ ನಂಬರ್ ನಮ್ಮ ಕೋವಿಯ ನಂಬರಲ್ಲ. ಉಜ್ಜಿ ಅಳಿಸಿಬಿಡಿ ಎಂದು ನಾನು ಬಾಯಿ ತೆರೆಯುವ ಮೊದಲೇ ಅವರು, "ಅದು ಅವರಜ್ಜನ ನಂಬರು. ನಿಮ್ಮ ಅಣ್ಣನಿಗೆ ನೀವೇ ಹೇಳಿ" ಎಂದರು.

ಆಯುಧಪೂಜೆಯ ಹಿಂದಿನ ದಿನ ಅಣ್ಣ ಬಂದ. ಕಾಫಿ ಕೊಟ್ಟು, ಮೆಣಸಿನ ಚೀಲದಿಂದ ಹಿಡಿದು ಕೊಟ್ಟಿಗೆಯವರೆಗೆ ಕನ್ಫೆಸ್ ಮಾಡಿದೆ. ಅವನು ರೈಫಲ್ ಎತ್ತಿಕೊಂಡು ಬೋಲ್ಟನ್ನು ಹಿಂದಕ್ಕೆಳೆದು ಮುಚ್ಚಿದ. ಮತ್ತೊಮ್ಮೆ ಎಳೆದು ಮುಚ್ಚಿದ.

"ಕೂಸೇ, ಇಷ್ಟಕ್ಕೆ ನಾಲ್ಕು ತಿಂಗಳು ನಿದ್ದೆಗೆಟ್ಟೆಯಾ? ನಾನು ಸರ್ವಿಸಲ್ಲಿ ಜೀಪನ್ನೇ ಎಲ್ಲಿ ನಿಲ್ಲಿಸಿದ್ದು ಅಂತ ಮರೆತವನು" ಎಂದ. ಅಂದು ಮಧ್ಯಾಹ್ನ ನಾನು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.

ಅಣ್ಣ ಇದ್ದದ್ದನ್ನು ಇದ್ದ ಹಾಗೆ ಬರೆದದ್ದು ಮ್ಯೂಸಿಯಮ್ಮಿನವರಿಗೆ ಹಿಡಿಸಿತು. ಗೋಡೆಯ ಫೋಟೋ ಬಂದಾಗ ಹಿರೇಕೊಡಿಗೆಗೆ ಒಯ್ದೆ. ಆಚಾರ್ರಿಗೆ ಕಣ್ಣು ಮಸುಕಾಗಿ ಅಂಗಡಿ ಮುಚ್ಚಿಯಾಗಿತ್ತು.

"ಬೋರ್ಡಲ್ಲಿ ಎಷ್ಟು ಹೆಸರುಂಟು?"

"ಎರಡು. ನಮ್ಮಜ್ಜ, ಸಿದ್ದಪ್ಪನವರ ಅಜ್ಜ."

"ಹಂಗಾದ್ರೆ ಸರಿ."

"ನಿಮ್ಮದು ಹಾಕಿಸಲು ನಮಗೆ ಹೊಳೆಯಲೇ ಇಲ್ಲ, ಆಚಾರ್ರೇ. ಐ ಆ್ಯಮ್ ಸೋ ಸಾರಿ."

ಅಷ್ಟರಲ್ಲಿ ಅವರು ಹೊಸ ಎಲೆಯಡಿಕೆ ಬಾಯಿಗೆ ಹಾಕಿಕೊಂಡಾಗಿತ್ತು. ಜಗಲಿಯ ಆಚೆ ಕೈಗೆಟಕುವಷ್ಟರಲ್ಲೇ ಅಂಗಳ. ಆದರೂ ಅವರು ಏಳಲಿಲ್ಲ. ಮುಂದಿನ ವರ್ಷ ಅವರು ತೀರಿಕೊಂಡ ಸುದ್ದಿ ಬಂದಾಗ, ನಾನು ಅವರನ್ನು ನೆನೆದದ್ದು ಹಾಗೆ ಜಗಿಯುತ್ತ ಕೂತಿದ್ದ ಹಾಗೆಯೇ.