ಟೀಚರಮ್ಮನ ಮನೆಯ ಪಾಟಲ

ಕಳೆದ ವಾರ ಬಂಗಾರಪೇಟೆಯ ರೈಲ್ವೆ ಗೇಟಿನ ಆಚೆ ಒಂದು ಮನೆಯಲ್ಲಿ ನೆಲ ಒಡೆಯುವ ಕೆಲಸವಿತ್ತು. ಹೊಸ ಯಜಮಾನರಿಗೆ ಟೈಲ್ಸ್ ಬೇಕಂತೆ. ಮೊದಲ ಏಟಿಗೆ ಎದ್ದ ಕೆಂಪು ಧೂಳಿನ ಮೇಲೆ ನೀರು ಚಿಮುಕಿಸಿದೆ. ರೆಡ್ ಆಕ್ಸೈಡು, ಹಳೇ ಸಿಮೆಂಟು, ವರ್ಷಗಟ್ಟಲೆ ಒರೆಸಿದ ಕೊಬ್ಬರಿ ಎಣ್ಣೆ, ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು ನೋಡಿ... ಸುತ್ತಿಗೆ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಆ ನೆಲ ಹಾಕಿದವನು ನಾನೇ.

ಆ ಮನೆ ಟೀಚರಮ್ಮನದಾಗಿತ್ತು. ನಂದಿದುರ್ಗ ಚಿನ್ನದ ಗಣಿಯ ಕೂಲಿ ಲೈನುಗಳಲ್ಲಿ ತಮಿಳು, ತೆಲುಗು ಆಡಿಕೊಂಡು ಬೆಳೆದ ಮಕ್ಕಳಿಗೆ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ನಾನು ಅವರ ಹತ್ತಿರ ಓದಿದವನಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಗಾರೆ ಕೆಲಸದ ಕರಣೆ ಹಿಡಿದವನು. ಆದರೆ ನಾನು ಹಾಕಿದ ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಇದು ನನ್ನ ಮಾತಲ್ಲ, ಊರಿನವರು ಹೇಳುತ್ತಿದ್ದದ್ದು.

ಕೆಂಪು ನೆಲಕ್ಕೆ ಒಂದು ಕಟ್ಟುನಿಟ್ಟಿದೆ. ಇಡೀ ಕೋಣೆಗೆ ಬೇಕಾಗುವಷ್ಟು ಸಿಮೆಂಟು, ಬಣ್ಣದ ಪುಡಿ ಎರಡನ್ನೂ ನೀರು ತಾಗಿಸುವ ಮೊದಲೇ ಒಟ್ಟಿಗೆ ಜರಡಿ ಹಿಡಿದು ಇಟ್ಟುಕೊಳ್ಳಬೇಕು. ಅರ್ಧದಲ್ಲಿ ಮುಗಿಯಿತೋ, ಕೆಟ್ಟೆ. ಎರಡನೇ ಸಲ ಎಷ್ಟು ಅಳೆದು ಬೆರೆಸಿದರೂ ಬಣ್ಣ ಹೊಂದುವುದಿಲ್ಲ. ಹಸಿ ಇರುವಾಗ ಎಲ್ಲ ಒಂದೇ ಕೆಂಪು, ಒಣಗಿದ ಮೇಲೇ ಗುಟ್ಟು ಬಯಲು. ಇದೆಲ್ಲ ಗೊತ್ತಿದ್ದೂ ಟೀಚರಮ್ಮನ ಹಜಾರಕ್ಕೆ ಕಣ್ಣಳತೆಯಲ್ಲಿ ಬೆರೆಸಿದೆ. ನನ್ನ ಕಣ್ಣಳತೆಯ ಮೇಲೆ ನನಗೆ ಅಷ್ಟು ಜಂಬ. ಇನ್ನೂ ಅರ್ಧ ಹಜಾರ ಬಾಕಿ ಇರುವಾಗ ಪುಡಿ ಮುಗಿಯಿತು.

ವಾರವೆಲ್ಲ ನೀರು ಕಟ್ಟಿ, ಒಣಗಿಸಿ ನೋಡಿದರೆ ನೆಲದ ನಡುವೆ ಗೆರೆ ಎಳೆದ ಹಾಗಿತ್ತು. ಈಚೆ ಗಟ್ಟಿ ಕೆಂಪು, ಆಚೆ ಬೆಳ್ಳಗೆ ತೇಲಿದ ಕೆಂಪು. ನನ್ನ ಜೊತೆ ಸಿಮೆಂಟು ಕಲಸುವ ಕೆಲಸಕ್ಕೆ ಬರುತ್ತಿದ್ದ ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

“ಏನ್ ಮೇಸ್ತ್ರೀ, ಅರ್ಧ ಮುಖಕ್ಕೆ ಪೌಡ್ರು ಬಳ್ದು ಇನ್ನರ್ಧ ಅಂಗೇ ಬಿಟ್ಬುಟ್ಟಿದ್ದೀಯಲ್ಲಪ್ಪೋ! ನಿನ್ ನೆಲ ಯಾರ್ ಮದ್ವೆಗೆ ಒಂಟದೆ?”

“ಬಾಯ್ ಮುಚ್ಕೊಳ್ಳಕ್ಕೋ,” ಅಂದೆ. ಅಷ್ಟರಲ್ಲಿ ಟೀಚರಮ್ಮ ಬಂದರು.

“ನನ್ದೇ ತಪ್ಪು ಟೀಚರಮ್ಮ. ಪುಡಿ ಸಾಲ್ದೇ ಓಯ್ತು. ಎಲ್ಲಾ ಒಡ್ದು ನಾನೇ ಇನ್ನೊಂದ್ ಕಿತ ಆಕ್ಕೊಡ್ತೀನಿ.”

ಅವರು ಬಗ್ಗಿ, ಆ ಬಿಳಿಚಿದ ಭಾಗದ ಮೇಲೆ ಅಂಗೈ ಇಟ್ಟರು. “ಬೇಡ ಕಣಪ್ಪ. ಈ ಬಣ್ಣಕ್ಕೊಂದು ಹೆಸರಿದೆ. ಪಾಟಲ.”

ಆ ಪದ ಕೇಳಿಯೇ ಇರಲಿಲ್ಲ. ಏನು ಅಂತ ಕೇಳುವುದಕ್ಕೆ ಅವಮಾನ. ಅವರಿಗೆ ಗೊತ್ತಾಯಿತೇನೋ, ನನ್ನ ಮುಖ ನೋಡದೆ ಗೋಡೆ ನೋಡಿಕೊಂಡು ಹೇಳಿದರು. ಪಾಟಲ ಅಂದರೆ ಬಿಳಿ ಬೆರೆತ ಕೆಂಪು. ಅದೇ ಹೆಸರಿನ ಒಂದು ಹೂವೂ ಇದೆ. ಹಳೇ ಕಾವ್ಯಗಳಲ್ಲಿ ಸಿಗುವ ಮಾತು, ಈಗ ಯಾರೂ ಬಳಸುವುದಿಲ್ಲ. ಸೂರ್ಯ ಹುಟ್ಟುವ ಮುಂಚಿನ ಆಕಾಶಕ್ಕೆ ಹೇಳಬಹುದು, ಎಳೇ ಚಿಗುರಿಗೆ ಹೇಳಬಹುದು, ಅತ್ತು ಒರೆಸಿಕೊಂಡ ಕಣ್ಣಿಗೂ ಹೇಳಬಹುದು...

“ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೀನಿ,” ಅಂದರು. “ಒಂದು ಮಗೂಗೂ ಈ ಬಣ್ಣ ತೋರಿಸೋಕೆ ಆಗಿರ್ಲಿಲ್ಲ. ಇರ್ಲಿ, ಒಡೀಬೇಡ.”

ಆ ಪದ ನನ್ನ ಜೊತೆ ಬಂತು. ಅದನ್ನು ಸುಮ್ಮನೆ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು.

ಎರಡು ವರ್ಷದ ಮೇಲೆ ಕಾಮಸಮುದ್ರದಲ್ಲಿ ಒಬ್ಬ ರೈತನ ಮನೆ ಕೆಲಸ ಸಿಕ್ಕಿತು. ಅಲ್ಲೂ ಅದೇ ಕಣ್ಣಳತೆ, ಅದೇ ಗೆರೆ. “ಇದೇನ್ ಮೇಸ್ತ್ರೀ, ಇಂಗೆ ಬಿಳ್ಚಿಕೊಂಡದೆ?” ಅಂದ ಯಜಮಾನ. ನಾಲಿಗೆ ತಾನಾಗಿಯೇ ಹೊರಳಿತು. “ಇದು ಪಾಟಲ ಕಣಣ್ಣ. ಬಂಗಾರಪೇಟೆ ಟೀಚರಮ್ಮನ ಮನೇಲೂ ಇದೇ ಆಕಿರೋದು. ಓದ್ದೋರು ಕೇಳಿ ಆಕಿಸ್ಕೊಳ್ತಾರೆ.” ಆತ ಹಿಗ್ಗಿದ. ಓದಿದವರ ಬಣ್ಣ ತನ್ನ ಮನೆಗೂ ಬಂತು ಅಂತ. ಸಂತೆಗೆ ಬಂದ ದಿನ ಟೀಚರಮ್ಮನ ಮನೆ ಹುಡುಕಿಕೊಂಡು ಹೋಗಿ, ನಮ್ಮ ಮನೆಗೂ ನಿಮ್ಮದೇ ಬಣ್ಣ ಅಂತ ಹೇಳಿಯೂ ಬಂದ.

ಟೀಚರಮ್ಮ ನನ್ನನ್ನು ಕರೆಸಿದರು. ಕೂರು ಅನ್ನಲಿಲ್ಲ.

“ನೀನು ತಪ್ಪು ಒಪ್ಕೊಂಡೆ ಅಂತ ಆ ಪದ ಕೊಟ್ಟೆ. ನೀನು ಅದನ್ನ ತಗೊಂಡು ಇನ್ನೊಬ್ಬರ ಕಣ್ಣಿಗೆ ಮಣ್ಣೆರಚಿದೆ. ಹೋಗಿ ಆ ನೆಲ ಸರಿ ಮಾಡ್ಕೊಟ್ಟು ಬಾ. ಅಲ್ಲೀವರೆಗೂ ಈ ಹೊಸ್ತಿಲು ತುಳೀಬೇಡ.”

“ಓದ್ದೋರ್ ಮಾತು ಓದ್ದೋರ್ಗೇ ಇರ್ಲಿ ಬಿಡಿ,” ಅಂದುಬಿಟ್ಟೆ.

ಅವರ ಕಣ್ಣೇ ಪಾಟಲವಾಯಿತು. ಅವರೇ ಹೇಳಿಕೊಟ್ಟಿದ್ದರಿಂದ ನನಗೆ ಗುರುತು ಸಿಕ್ಕಿತು. ಆದರೂ ಚಪ್ಪಲಿ ಮೆಟ್ಟಿಕೊಂಡು ಬಂದೆ.

ಅದೇ ತಿಂಗಳು ಕಾಮಸಮುದ್ರದ ಬಸ್ಸು ಹತ್ತಿದೆ. “ಅದೇನೂ ಓದ್ದೋರ್ ಬಣ್ಣ ಅಲ್ಲಣ್ಣ, ನನ್ ಕೈ ತಪ್ಪು,” ಅಂತ ಹೇಳಿ ಅಷ್ಟೂ ನೆಲ ಒಡೆದೆ. ಈ ಸಲ ಎಲ್ಲವನ್ನೂ ಒಂದೇ ಸಲಕ್ಕೆ ಜರಡಿ ಹಿಡಿದು ಹಾಕಿಕೊಟ್ಟೆ. ಆದರೆ ಮಾಡಿದೆ ಅಂತ ಟೀಚರಮ್ಮನಿಗೆ ಹೇಳಲು ಹೋಗಲಿಲ್ಲ. ಹೋದರೆ ಬಗ್ಗಿದ ಹಾಗೆ ಅನ್ನಿಸಿತು. ಯುಗಾದಿಗೆ ಹೋದರಾಯಿತು, ದೀಪಾವಳಿಗೆ ಹೋದರಾಯಿತು... ಅವರ ಮನೆ ಮುಂದೆ ಎಷ್ಟು ಸಲ ಸೈಕಲ್ ನಿಧಾನ ಮಾಡಿದೆನೋ. ಒಂದು ದಿನ ಗೇಟು ಬಿದ್ದು ರೈಲಿಗೆ ಕಾಯುತ್ತಿದ್ದಾಗ, ಪಕ್ಕದಲ್ಲಿ ನಿಂತವರು ಟೀಚರಮ್ಮ ಹೋಗಿಬಿಟ್ಟರು ಅಂದರು. ಮಣ್ಣು ಮಾಡಿ ನಾಲ್ಕು ದಿನವಾಗಿತ್ತಂತೆ.

ಕಾಮಸಮುದ್ರದ ಆತ ಅವರಿಗೆ ಹೇಳಿರಬಹುದು. ಹೇಳದೆಯೂ ಇರಬಹುದು. ನಾನು ಹೇಳಲಿಲ್ಲ ಅನ್ನುವುದಷ್ಟೇ ನನಗೆ ಗೊತ್ತು.

ತುಳಿಯಬೇಡ ಅಂದಿದ್ದ ಆ ಹೊಸ್ತಿಲನ್ನು ಕಳೆದ ವಾರ ದಾಟಿದೆ, ಕೈಯಲ್ಲಿ ಸುತ್ತಿಗೆ ಹಿಡಿದು. ಗೆರೆ ಹಾಗೇ ಇತ್ತು. ನಡೆದು ನಡೆದು ಎರಡೂ ಕಡೆ ನುಣುಪಾಗಿತ್ತು, ಬಣ್ಣ ಮಾತ್ರ ಹೊಂದಿರಲಿಲ್ಲ. ಎರಡು ದಿನದಲ್ಲಿ ಎಲ್ಲ ಒಡೆದು ಟ್ರಾಕ್ಟರಿಗೆ ತುಂಬಿದೆವು. ಈಗ ಅಲ್ಲಿ ಬಿಳೀ ಟೈಲ್ಸ್ ಕೂರಿಸುತ್ತಿದ್ದೇನೆ. ಇದರ ಬಣ್ಣಕ್ಕೆ ಹೆಸರಿಲ್ಲ, ಡಬ್ಬದ ಮೇಲೆ ಒಂದು ನಂಬರಿದೆ. ಬಗ್ಗಿದರೆ ಮಂಡಿ ಹಿಡಿದುಕೊಳ್ಳುತ್ತದೆ, ಏಳುವುದಕ್ಕೆ ಗೋಡೆ ಬೇಕು.

ಗೆರೆ ಇದ್ದ ಕಡೆಯ ಒಂದು ತುಂಡನ್ನು ಮನೆಗೆ ತಂದು ನಲ್ಲಿಯ ಪಕ್ಕ ಇಟ್ಟಿದ್ದೇನೆ. ಕೆಲಸ ಮುಗಿಸಿ ಬಂದು ಕೈಕಾಲು ತೊಳೆಯುವಾಗ ಅದರ ಮೇಲೆ ನೀರು ಬೀಳುತ್ತದೆ. ಆಗ ಎರಡೂ ಕಡೆ ಒಂದೇ ಕೆಂಪು, ಯಾವ ತಪ್ಪೂ ಆಗಿಲ್ಲ ಅನ್ನುವ ಹಾಗೆ. ಪಕ್ಕದ ಕಲ್ಲಿನ ಮೇಲೆ ಕೂತಿರುತ್ತೇನೆ. ಅದು ಒಣಗುತ್ತಾ ಬರುತ್ತದೆ.