ಬೋಪಾ ಕೆಟೂರಾ ಹೊತ್ತ ನೀರು

ಕೆಟೂರಾ ಪ್ರಾಸರ್ ಅವರ ಮನೆಯಲ್ಲಿ ಕಲ್ಲಿದ್ದಲು ಗಣಿಗೆ ಇಳಿಯುವವರು ಮೂವರಿದ್ದರು: ಗಂಡ ಸಿಲ್ವಾನಸ್ ಮತ್ತು ಇಬ್ಬರು ಗಂಡುಮಕ್ಕಳು. ಮೂವರದೂ ಬೇರೆ ಬೇರೆ ಪಾಳಿಯಾದ್ದರಿಂದ ಒಲೆಯ ಮೇಲಿನ ಹಂಡೆ ಆರುವ ಹೊತ್ತೆಂಬುದೇ ಇರಲಿಲ್ಲ. ಒಬ್ಬ ಸ್ನಾನದ ತೊಟ್ಟಿಯಿಂದ ಎದ್ದ ಎನ್ನುವಷ್ಟರಲ್ಲಿ ಆ ಕಪ್ಪು ನೀರನ್ನು ಹಿತ್ತಲಿಗೆ ಹೊತ್ತು ಸುರಿದು, ಬೀದಿಯ ನಲ್ಲಿಯಿಂದ ಹೊಸ ನೀರು ತಂದು, ಮತ್ತೆ ಹಂಡೆ ಏರಿಸಬೇಕು. ನಮ್ಮ ಬೀದಿಯ ಎಲ್ಲ ಮನೆಗಳ ಕಥೆಯೂ ಇದೇ. ಆದರೆ ಇದನ್ನು ಅನ್ಯಾಯ ಎಂದು ಕರೆದವರು ಕೆಟೂರಾ ಒಬ್ಬರೇ.

ನಾನು ಆಗ ಊರಿನ ಶಾಲೆಯಲ್ಲಿ ಹೊಸದಾಗಿ ಪಾಠ ಹೇಳಲು ತೊಡಗಿದ್ದೆ. ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ನೆರೆಯ ಹಿರಿಯ ಹೆಂಗಸರನ್ನೆಲ್ಲ ನಮ್ಮ ಕಣಿವೆಯಲ್ಲಿ ಬೋಪಾ ಎಂದೇ ಕರೆಯುವುದು. ಬೋಪಾ ಕೆಟೂರಾ ಕುಳ್ಳಗೆ, ಗಟ್ಟಿಯಾಗಿದ್ದರು. ಹುಡುಗಿಯಾಗಿದ್ದಾಗ ಸಮುದ್ರದ ಕಡೆಯ ತವರದ ತಗಡಿನ ಕಾರ್ಖಾನೆಯಲ್ಲಿ, ಒಂದಕ್ಕೊಂದು ಅಂಟಿದ ಬಿಸಿ ತಗಡುಗಳನ್ನು ಬಿಡಿಸುವ ಕೆಲಸ ಮಾಡಿದವರು. ಅಲ್ಲಿ ಹುಡುಗಿಯರ ಕೂಲಿ ಇಳಿಸಿದಾಗ ಮೊದಲು ಕೆಲಸ ಬಿಟ್ಟು ಹೊರಗೆ ಬಂದವರು ಇವರಂತೆ. ಅಂಗೈಯ ಗಾಯದ ಗುರುತುಗಳು ಮುಪ್ಪಿನವರೆಗೂ ಹೋಗಲಿಲ್ಲ.

ಎದುರು ಮನೆಯಲ್ಲಿ ಲೇಯಾ ಎಂಬ ಹುಡುಗಿ ಮದುವೆಯಾಗಿ ಬಂದಿದ್ದಳು. ಆ ಚಳಿಗಾಲದಲ್ಲಿ ಆಕೆ ಬಸುರಿ. ಗಂಡ ಬರುವ ಹೊತ್ತಾಯಿತೆಂದು ಕುದಿಯುವ ಹಂಡೆಯನ್ನು ಒಬ್ಬಳೇ ಇಳಿಸಲು ಹೋಗಿ ಬಿದ್ದಳು. ಕೂಸು ಉಳಿಯಲಿಲ್ಲ. ಅವಳ ಪಕ್ಕದಲ್ಲಿ ರಾತ್ರಿಯಿಡೀ ಕುಳಿತಿದ್ದ ಬೋಪಾ ಬೆಳಿಗ್ಗೆ ಹೊರಗೆ ಬಂದು ನನಗೆ ಹೇಳಿದ್ದು ಒಂದೇ ಮಾತು: "ಈ ಹಂಡೆಗಳು ನಮ್ಮ ಮನೆ ಬಿಟ್ಟು ಹೋಗ್ಬೇಕು, ಮಗಳೇ."

ದಾರಿ ಇಲ್ಲದೆ ಇರಲಿಲ್ಲ. ಆಗಷ್ಟೇ ಒಂದು ಕಾನೂನು ಬಂದಿತ್ತು. ಗಣಿಯ ಕೆಲಸಗಾರರಲ್ಲಿ ಮೂರರಲ್ಲಿ ಎರಡು ಪಾಲು ಜನ ಬೇಕೆಂದು ಮತ ಹಾಕಿ, ಖರ್ಚಿನಲ್ಲಿ ತಮ್ಮ ಪಾಲು ಕೊಟ್ಟರೆ, ಮಾಲೀಕರು ಗಣಿಯ ಬಾಯಲ್ಲೇ ಸ್ನಾನದ ಮನೆ ಕಟ್ಟಿಸಬೇಕು. ನೀರು ಹೊರುವವರು ಹೆಂಗಸರು, ಮತ ಗಂಡಸರದು. ಗಂಡಸರಿಗೋ ಅದು ಬೇಡ. ಬೆನ್ನು ತೊಳೆದರೆ ಅದರ ಶಕ್ತಿ ಹೋಗುತ್ತದೆ ಎಂದು ನಮ್ಮ ಗಣಿಯವರು ನಂಬಿದ್ದರು; ಮೈಯೆಲ್ಲ ಉಜ್ಜಿಸಿಕೊಂಡರೂ ಬೆನ್ನಿಗೆ ಒಣಬಟ್ಟೆಯೇ. ಇನ್ನು ಜೊತೆಗಾರರ ಎದುರು ಬೆತ್ತಲೆ ನಿಲ್ಲುವುದೆಂದರೆ ನಾಚಿಕೆ.

ಸಿಲ್ವಾನಸ್ ಮೃದು ಮನುಷ್ಯ, ನಮ್ಮ ಪ್ರಾರ್ಥನಾ ಮಂದಿರವಾದ ಚಾಪೆಲ್ಲಿನ ಹಾಡುಗಾರ. ಆದರೆ ಬೆನ್ನಿನ ವಿಷಯದಲ್ಲಿ ಹಟಮಾರಿ.

"ನೀರು ತಾಗಿಸ್ಬೇಡ ಕಣೇ. ನಾಳೆ ಕಲ್ಲಿದ್ದಲು ಎತ್ತೋನು ನಾನು."

"ಈ ಹಂಡೆ ಏನು ತಾನಾಗೇ ಒಲೆ ಹತ್ತುತ್ತಾ? ನನ್ನ ಬೆನ್ನಿನ ಶಕ್ತಿ ಯಾರು ಕೇಳ್ಬೇಕು?"

ಗಂಡಸರನ್ನು ಒಪ್ಪಿಸುವುದಕ್ಕಿಂತ ಹೆಂಗಸರನ್ನು ಒಪ್ಪಿಸುವುದು ಬೋಪಾ ಅವರಿಗೆ ಕಷ್ಟವಾಯಿತು. ಗಂಡ ಮನೆಯಲ್ಲಿ ಸ್ನಾನ ಮಾಡದಿದ್ದರೆ ಹೆಂಡತಿ ಸೋಮಾರಿ ಎಂದು ಜನ ಆಡಿಕೊಂಡಾರು ಎಂಬ ಭಯ. ಸಹಕಾರಿ ಅಂಗಡಿಯ ಮೇಲಿನ ಕೋಣೆಯಲ್ಲಿ ವಾರಕ್ಕೊಮ್ಮೆ ಸೇರುತ್ತಿದ್ದ ಮಹಿಳಾ ಬಳಗದಲ್ಲಿ ಬೋಪಾ ಈ ಮಾತೆತ್ತಿದಾಗ ಅರ್ಧ ಜನ ಎದ್ದು ಹೋದರು. ಮುಂದಿನ ವಾರ ಬೋಪಾ ಮತ್ತೆ ಅದೇ ಮಾತೆತ್ತಿದರು. ಎದ್ದುಹೋದವರ ಮನೆಗೆ ತಾವೇ ಹೋಗಿ, ಅವರ ಬಟ್ಟೆ ಹಿಂಡಿಕೊಡುತ್ತ ಮಾತಾಡಿದರು.

ಮತದಾನಕ್ಕೆ ಮೊದಲು ಗಣಿ ಕಾರ್ಮಿಕರ ಸಂಘದ ಸಭೆ ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ನಡೆಯುವುದಿತ್ತು. ಅಲ್ಲಿ ಮಾತಾಡಲು ಅವಕಾಶ ಬೇಕೆಂದು ಬೋಪಾ, ಸಂಘದ ಅಧ್ಯಕ್ಷ ಹಾಪ್ಕಿನ್ ರೀಸ್ ಅವರನ್ನು ಕೇಳಿದರು. ಚಾಪೆಲ್ಲಿನ ಹಿರಿಯರೂ ಆಗಿದ್ದ ಅವರು ಬಹಳ ಮರ್ಯಾದೆಯಿಂದಲೇ ನಿರಾಕರಿಸಿದರು. ಸಂಘದ ಸಭೆಯಲ್ಲಿ ಸದಸ್ಯರು ಮಾತ್ರ ಮಾತಾಡಬೇಕು, ಹೆಂಗಸರು ಎಂದಿನಂತೆ ಚಹಾ ಮಾಡಿಕೊಟ್ಟರೆ ಸಂತೋಷ ಎಂದರು. ಬೋಪಾ ಒಪ್ಪಿಕೊಂಡರು. ಇಷ್ಟು ಸುಲಭವಾಗಿ ಒಪ್ಪಿದ್ದು ಕಂಡು ನನಗೆ ಅನುಮಾನವೇ ಆಯಿತು.

ಸಂಘದ ಸಭೆ ಪ್ರಾರ್ಥನೆಯಿಂದ ಆರಂಭವಾಗುವುದು ರೂಢಿ. ಆ ಸಂಜೆ ಕೋಣೆ ಕಿಕ್ಕಿರಿದಿತ್ತು. ನಾವು ನಾಲ್ಕೈದು ಹೆಂಗಸರು ಹಿಂದಿನ ಮೂಲೆಯಲ್ಲಿ ಚಹಾ ಲೋಟಗಳ ಬಳಿ ನಿಂತಿದ್ದೆವು. ಯಾರಾದರೂ ಪ್ರಾರ್ಥನೆ ನಡೆಸಿಕೊಡಿ ಎಂದು ಅಧ್ಯಕ್ಷರು ಹೇಳಿದರು. ಟೋಪಿಗಳು ಇಳಿದವು, ತಲೆಗಳು ಬಾಗಿದವು, ಕಣ್ಣುಗಳು ಮುಚ್ಚಿದವು. ಬೋಪಾ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟು ಬಾಯಿ ತೆರೆದರು.

ಕೆಲವು ವರ್ಷಗಳ ಹಿಂದೆ ನಮ್ಮ ಕಣಿವೆಗಳಲ್ಲಿ ಭಕ್ತಿಯ ಅಲೆ ಎದ್ದಾಗ ಹೆಂಗಸರೂ ಎದ್ದು ನಿಂತು ಪ್ರಾರ್ಥಿಸಿದ್ದರು. ಅಂದಿನಿಂದ ಅದನ್ನು ಬೇಡ ಎನ್ನುವವರಿರಲಿಲ್ಲ. ಪ್ರಾರ್ಥನೆಯ ನಡುವೆ ಬಾಯಿ ಹಾಕುವ ಧೈರ್ಯವಂತೂ ಯಾರಿಗೂ ಇರಲಿಲ್ಲ.

"ಕರ್ತನೇ, ನಿನಗೆ ಎಲ್ಲಾ ಗೊತ್ತು. ಇಲ್ಲಿ ಕೂತಿರೋರಿಗೆ ಗೊತ್ತಿಲ್ಲ, ಅದಕ್ಕೇ ಜೋರಾಗಿ ಹೇಳ್ತಿದ್ದೀನಿ. ನಮ್ಮ ಬೀದೀಲಿ ಒಬ್ಬ ಹುಡುಗಿ ಹಂಡೆ ಎತ್ತಿ ಹೊಟ್ಟೇಲಿದ್ದ ಕೂಸನ್ನ ಕಳ್ಕೊಂಡ್ಲು. ಅವತ್ತು ಸಂಜೇನೂ ಆ ಮನೇಲಿ ನೀರು ಕಾಯ್ತು."

ಹಾಪ್ಕಿನ್ ರೀಸ್ ಕೆಮ್ಮಿದರು.

"ಅಧ್ಯಕ್ಷರ ಗಂಟಲಿಗೆ ಆರೋಗ್ಯ ಕೊಡು, ತಂದೆ. ನಮ್ಮ ಗಂಡಸರು ಕೆಟ್ಟೋರಲ್ಲ. ಬಂಡೆ ಬಿದ್ದು ಒಬ್ಬ ಸತ್ರೆ ಗಣಿ ಪೂರ್ತಿ ಕೆಲಸ ನಿಲ್ಲಿಸಿ ಮನೆಗೆ ಬರ್ತಾರೆ. ಒಲೆ ಮುಂದೆ ಒಬ್ಬಳು ಸತ್ರೆ ಯಾರು ಕೆಲಸ ನಿಲ್ಲಿಸ್ತಾರೆ? ಈಗ ನಿನ್ನೆದುರು ಅವರ ಕಣ್ಣು ಮುಚ್ಚಿದೆ. ತೆರೆದ ಮೇಲೆ ಮನೆ ಒಳಗಿರೋದು ಕಾಣೋ ಹಾಗೆ ಮಾಡು. ಆಮೆನ್."

ಆಮೆನ್ ಎನ್ನದೆ ಇರುವಂತಿರಲಿಲ್ಲ, ಎಲ್ಲರೂ ಎಂದರು. ಲೇಯಾಳ ಗಂಡ ಮಾತ್ರ ಬಹಳ ಹೊತ್ತು ತಲೆ ಎತ್ತಲಿಲ್ಲ. ಬೋಪಾ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡು ಲೋಟಗಳಿಗೆ ಚಹಾ ಬಗ್ಗಿಸತೊಡಗಿದರು.

ಮನೆಯ ದಾರಿಯಲ್ಲಿ ಸಿಲ್ವಾನಸ್ ಗೊಣಗಿದರು: "ದೇವರ ಹತ್ರ ಹೇಳೋಕೆ ಮುಂಚೆ ನನ್ನ ಹತ್ರ ಹೇಳ್ಬಾರ್ದಿತ್ತಾ?"

"ಇಪ್ಪತ್ತು ವರ್ಷದಿಂದ ಹೇಳ್ತಿದ್ದೀನಿ. ದೇವರು ಮಧ್ಯೆ ಮಾತಾಡಲ್ಲ."

ಮತ ಎಣಿಸಿದಾಗ ಅರ್ಧಕ್ಕಿಂತ ಹೆಚ್ಚು ಜನ ಸ್ನಾನದ ಮನೆ ಬೇಕೆಂದಿದ್ದರು. ಆದರೆ ಮೂರರಲ್ಲಿ ಎರಡು ಪಾಲು ಆಗಿರಲಿಲ್ಲ. ಸುದ್ದಿ ಹೇಳಲು ಹಾಪ್ಕಿನ್ ರೀಸ್ ಅವರೇ ಬಂದು ಹೊಸ್ತಿಲಲ್ಲಿ ನಿಂತರು. ಕಾನೂನು ಹೀಗಿದೆ, ನಾನೇನು ಮಾಡಲಿ ಎಂದರು.

"ಆ ಕಾನೂನು ಯಾರು ಮಾಡಿದ್ರು, ಮಿಸ್ಟರ್ ರೀಸ್?"

"ಪಾರ್ಲಿಮೆಂಟಿನೋರು."

"ಅವರನ್ನ ಕಳಿಸಿದ್ದು?"

"ಮತ ಇರೋ ಗಂಡಸರು," ಎಂದರು ಅಧ್ಯಕ್ಷರು, ಟೋಪಿಯ ಅಂಚನ್ನು ತಿರುಗಿಸುತ್ತ.

"ಹಾಗಾದ್ರೆ ನಾನು ಇಷ್ಟು ದಿನ ತಟ್ಟಿದ್ದು ಬೇರೆ ಬಾಗಿಲು," ಎಂದರು ಬೋಪಾ.

ಅಲ್ಲಿಂದ ಮುಂದೆ ಅವರು ಶನಿವಾರ ಸಂಜೆಗಳಲ್ಲಿ ಸಹಕಾರಿ ಅಂಗಡಿಯ ಮುಂದೆ ಕಲ್ಲಿದ್ದಲಿನ ಗಾಡಿಯ ಮೇಲೆ ನಿಂತು, ಹೆಂಗಸರಿಗೂ ಮತ ಬೇಕೆಂದು ಮಾತಾಡತೊಡಗಿದರು. ಮೊದಮೊದಲು ಎಲೆಕೋಸಿನ ಬುಡಗಳು ಬಂದು ಬೀಳುತ್ತಿದ್ದವು. ಮನೆಗೆ ಹೋಗಿ ಗಂಡನ ಕಾಲುಚೀಲ ಹೊಲಿ ಎಂದು ಒಬ್ಬ ಕೂಗಿದ. "ಹೊಲಿದೇ ಬಂದಿದ್ದೀನಿ. ನಿಂದು ಹರಿದಿದೆ, ತಂದುಕೊಡು," ಎಂದರು. ಜನ ನಕ್ಕು ಆತನ ಕಾಲು ನೋಡಿದರು. ಮಳೆ ಬಂದರೂ ಸಭೆ ತಪ್ಪುತ್ತಿರಲಿಲ್ಲ. ಬೋಪಾ ಸೇರಿದ್ದ ಕಾರ್ಮಿಕ ಪಕ್ಷದ ಗಂಡಸರು, ಮೊದಲು ನಮ್ಮ ಕೆಲಸವಾಗಲಿ, ನಿಮ್ಮ ಮತ ಆಮೇಲೆ ನೋಡೋಣ ಎಂದರು. ಬೋಪಾ ಪಕ್ಷವನ್ನೂ ಬಿಡಲಿಲ್ಲ, ಮತವನ್ನೂ ಬಿಡಲಿಲ್ಲ.

ಮಹಾಯುದ್ಧ ಬಂದು ಅವರ ಕಿರಿಯ ಮಗನನ್ನು ಕೊಂಡೊಯ್ದಿತು. ಯುದ್ಧದ ಕೊನೆಗೆ ಮೂವತ್ತು ದಾಟಿದ ಹೆಂಗಸರಲ್ಲಿ ಹಲವರಿಗೆ ಮತ ಸಿಕ್ಕಿತು. ಆ ಚುನಾವಣೆಗೆ ನಮ್ಮ ಪಕ್ಷದ ಅಭ್ಯರ್ಥಿ, ಪಟ್ಟಣದ ಒಬ್ಬ ಯುವ ವಕೀಲ, ಬೋಪಾ ಅವರ ಬಾಗಿಲಿಗೇ ಬಂದ. ಅವರು ಒಳಗೆ ಕರೆದು, ಒಲೆಯ ಮೇಲಿದ್ದ ಹಂಡೆಯನ್ನು ತೋರಿಸಿ, ಅದನ್ನು ತೊಟ್ಟಿಯವರೆಗೆ ಒಯ್ಯಿರಿ, ಆಮೇಲೆ ಮಾತಾಡೋಣ ಎಂದರು. ಆತ ಎರಡು ಹೆಜ್ಜೆ ಇಟ್ಟು, ಅರ್ಧ ನೀರನ್ನು ತನ್ನ ಬೂಟಿನ ಮೇಲೇ ಚೆಲ್ಲಿಕೊಂಡ. ಬೋಪಾ ಅವನಿಗೆ ಒಣ ಕಾಲುಚೀಲವನ್ನೂ ಚಹಾವನ್ನೂ ಕೊಟ್ಟು ಕಳಿಸಿದರು. ಆತ ಗೆದ್ದ ಮೇಲೆ ತಿಂಗಳು ತಪ್ಪದೆ ಅವನಿಗೆ ಪತ್ರ ಬರೆದರು.

ಕೆಲವು ವರ್ಷಗಳ ನಂತರ ಪಾರ್ಲಿಮೆಂಟಿನ ಹೊಸ ಕಾನೂನಿನಿಂದ ಸ್ನಾನದ ಮನೆಗೆ ಹಣದ ದಾರಿ ಸುಲಭವಾಗಿ, ಗಣಿಯಲ್ಲಿ ಮತ್ತೆ ಮತದಾನ ನಡೆಯಿತು. ಯುದ್ಧಭೂಮಿಯ ಸ್ನಾನದ ಸಾಲುಗಳಲ್ಲಿ ನಿಂತು ಬಂದಿದ್ದ ಹುಡುಗರಿಗೆ ಹಳೆಯ ನಾಚಿಕೆ ಉಳಿದಿರಲಿಲ್ಲ. ಈ ಸಲ ಬೇಕಾದಷ್ಟಕ್ಕಿಂತ ಹೆಚ್ಚೇ ಮತ ಬಿದ್ದವು.

ಕಟ್ಟಡ ಮುಗಿದಾಗ ಬೋಪಾ ಅವರ ತಲೆ ಪೂರ್ತಿ ನೆರೆತಿತ್ತು. ಗಂಡಸರ ಸ್ನಾನದ ಮನೆಗೆ ಹೆಂಗಸರು ಹೋಗುವಂತಿಲ್ಲವಾದ್ದರಿಂದ, ಉದ್ಘಾಟನೆಯ ಹಿಂದಿನ ದಿನವೇ ನೋಡಬೇಕೆಂದು ಹಟ ಹಿಡಿದು ನಮ್ಮ ಬೀದಿಯ ಹೆಂಗಸರನ್ನೆಲ್ಲ ಕರೆದುಕೊಂಡು ಹೊರಟರು. ಬೀಗದ ಕೈ ಹಿಡಿದು ಬಂದವರು ಹಾಪ್ಕಿನ್ ರೀಸ್. ಒಳಗೆ ಬಿಳಿಯ ಗೋಡೆ, ಸಾಲು ಸಾಲು ನಲ್ಲಿಗಳು. ಬೋಪಾ ಒಂದನ್ನು ತಿರುಗಿಸಿದರು. ಬಿಸಿನೀರು ಹಬೆಯಾಡುತ್ತ ಸುರಿಯಿತು. ಲೇಯಾ ಇನ್ನೊಂದನ್ನು ತಿರುಗಿಸಿದಳು, ಮತ್ತೊಬ್ಬಳು ಮಗದೊಂದನ್ನು.

ನೀರು ಸುಮ್ಮನೆ ಪೋಲಾಗುತ್ತಿದೆ ಎಂದು ರೀಸ್ ಮೆಲ್ಲಗೆ ಹೇಳಿದರು.

"ಹರೀಲಿ ಬಿಡಿ, ಮಿಸ್ಟರ್ ರೀಸ್," ಎಂದರು ಬೋಪಾ, ಕೈಯನ್ನು ನೀರಿನಡಿಯಿಂದ ತೆಗೆಯದೆ. "ಇದನ್ನ ಯಾರೂ ಹೊತ್ತು ತಂದಿಲ್ಲ."