ಗುನ್ವೋರಳ ಕಾಲ್ಗುಣ

ಮಾಲ್ಮೊ ಎಂಬ ಊರಿನ ನಾಟಕ-ಸಿನಿಮಾ ಶಾಲೆಯ ಉಡುಪಿನ ಕೋಣೆಗೆ ಗುನ್ವೋರ್ ಹೊಲಿಗೆಯವಳಾಗಿ ಸೇರಿದ್ದು, ಅದೇ ಶಾಲೆಯ ನಟನೆಯ ಆಯ್ಕೆಯಲ್ಲಿ ಸೋತ ವರ್ಷ. ಹೇಗಾದರೂ ಒಳಗಿದ್ದರೆ ಸಾಕು ಎಂಬ ಹಟ. ಕೂತಲ್ಲಿ ಕೂರುವ ಹೆಂಗಸಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಓಡಾಡುತ್ತಲೇ ಕೂದಲು ನರೆಯಿತು.

ರಂಗಕ್ಕೆ ಹೊರಟವರಿಗೆ ಅಲ್ಲಿ ಯಾರೂ ಒಳ್ಳೆಯದಾಗಲಿ ಎನ್ನುವುದಿಲ್ಲ, ಅಂಡಿಗೊಂದು ಒದೆ ಕೊಡುತ್ತಾರೆ. ತಿಂದವರು ಥ್ಯಾಂಕ್ಸ್ ಅನ್ನಕೂಡದು. ಅಂದರೋ, ಕೆಲಸ ಕೆಟ್ಟಿತು. ಗುನ್ವೋರಳ ಕಾಲ್ಗುಣ ಒಳ್ಳೆಯದೆಂದು ವಿದ್ಯಾರ್ಥಿಗಳೆಲ್ಲ ಅವಳಲ್ಲಿಗೇ ಬರುತ್ತಿದ್ದರು.

ಈ ವಸಂತದಲ್ಲಿ ನಟನೆಯ ಆಯ್ಕೆಯ ಕೊನೆಯ ಸುತ್ತಿಗೆ ಬಂದವಳು ಅವಳ ಮಗಳು ಹಿಲ್ಲೆವಿ. ಮೂರನೆಯ ಪ್ರಯತ್ನ. ಮಗಳಿಗಿಂತ ತಾಯಿಗೇ ನಿದ್ದೆಯಿಲ್ಲ.

"ಅಮ್ಮಾ, ಎಷ್ಟ್ ಸಲ ಕಾಲರ್ ಎಳೀತೀಯಾ? ಕತ್ತು ಹಿಸುಕ್ಬೇಕು ಅಂತಿದ್ಯಾ?"

"ಸುಮ್ನೆ ನಿಂತ್ಕೊಳೇ. ತಿರುಗು."

ಗುನ್ವೋರ್ ಒದ್ದಳು. ಹಿಲ್ಲೆವಿ ಉಡುಪಿನ ಕೋಣೆಯ ಬಾಗಿಲಲ್ಲಿ ನಿಂತು, "ಥ್ಯಾಂಕ್ಸ್ ಅಮ್ಮಾ" ಎಂದು ತೀರ್ಪುಗಾರರ ಕೋಣೆಗೆ ಹೋದಳು.

ಗುನ್ವೋರ್ ಅವಳ ಹಿಂದೆಯೇ ಎರಡು ಹೆಜ್ಜೆ ಓಡಿ ನಿಂತಳು. ಈ ಕೋಣೆಯಲ್ಲೇ ಆಡಿ ಬೆಳೆದ ಹುಡುಗಿ, ಗೊತ್ತಿಲ್ಲ ಅನ್ನುವಂತಿಲ್ಲ! ಕಾಫಿ ಬಗ್ಗಿಸಿಕೊಂಡಳು, ಕುಡಿಯಲಿಲ್ಲ. ಯಾರದೋ ಅಂಗಿಗೆ ಗುಂಡಿ ಹಾಕಲು ಹೋಗಿ ತೋಳನ್ನೂ ಸೇರಿಸಿ ಹೊಲಿದಳು. ಬಿಚ್ಚಲು ಕೂತವಳು ಮತ್ತೆ ಎದ್ದಳು.

"ಕೂತ್ಕೊಳೇ ಮಾರಾಯ್ತಿ, ನಿನ್ನ ನೋಡಿ ನಂಗೆ ತಲೆ ಸುತ್ತುತ್ತೆ," ಎಂದು ದೀಪಗಳನ್ನು ನೋಡಿಕೊಳ್ಳುವ ರೂನೆ ಗದರಿದ.

ಹಿಲ್ಲೆವಿ ಮರಳಿ ಬಂದಾಗ ಮುಖ ಬಿಳಿಚಿಕೊಂಡಿತ್ತು.

"ಹೋಯ್ತಾ?"

"ಇಲ್ಲ. ತಗೊಂಡ್ರು."

ಗುನ್ವೋರ್ ತಬ್ಬಿಕೊಳ್ಳಲು ಹೋದಳು. ಮಗಳು ಅವಳ ಕೈ ಹಿಡಿದು ನಿಲ್ಲಿಸಿದಳು.

"ನಾನು ಬೇಕಂತ್ಲೇ ಥ್ಯಾಂಕ್ಸ್ ಅಂದೆ, ಅಮ್ಮಾ. ಈ ಸಲಾನೂ ಆಗ್ಬಾರ್ದು ಅಂತ. ನಂಗಿದು ಯಾವತ್ತೂ ಬೇಕಿರ್ಲಿಲ್ಲ. ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

"ಒಳಗೆ ಏನಂದೆ ಮತ್ತೆ?"

"ಅವ್ರೆಲ್ಲ ಚಪ್ಪಾಳೆ ತಟ್ಟಿದ್ರು. ಬೇಡ ಅನ್ನೋಕೆ ಬಾಯೇ ಬರ್ಲಿಲ್ಲ."

ಗುನ್ವೋರಳಿಗೆ ಕೆಂಡದಂಥ ಸಿಟ್ಟು ಬಂತು. ಇಷ್ಟು ವರ್ಷ ತನ್ನನ್ನು ಕುಣಿಸಿದಳಲ್ಲ! ಮಗಳ ಬಿಳಿಚಿದ ಮುಖ ನೋಡಿದಾಗ ಆ ಸಿಟ್ಟು ಎಲ್ಲಿ ಹೋಯಿತೋ, ನಾಚಿಕೆ ಮಾತ್ರ ಉಳಿಯಿತು. ತೀರ್ಪುಗಾರರ ಮುಂದೆ ಗುನ್ವೋರ್ ನಿಂತದ್ದು ಒಮ್ಮೆ ಮಾತ್ರ, ಇಪ್ಪತ್ತರ ಹರೆಯದಲ್ಲಿ, ಬೇಡ ಎನಿಸಿಕೊಳ್ಳಲು. ಆಮೇಲೆ ಆಯ್ಕೆಯ ದಿನ ಅವರ ಬಾಗಿಲ ಹತ್ತಿರ ಸುಳಿದವಳಲ್ಲ. ಈಗ ಹೋಗಿ ತಟ್ಟಿದಳು.

"ಏನು ಗುನ್ವೋರ್? ಸಿಹಿ ತಂದ್ಯಾ?" ಎಂದು ಒಳಗಿನವರು ನಕ್ಕರು.

"ನನ್ನ ಮಗಳು ಸೇರಲ್ಲ," ಎಂದಳು ಗುನ್ವೋರ್. "ಅವಳಿಗೆ ಇಷ್ಟ ಇಲ್ಲ. ನಾನೇ ಇವತ್ತಿನವರೆಗೆ ಕೇಳಿರ್ಲಿಲ್ಲ."